ಖಾಲಿ ಕುರ್ಚಿಗಳ ಅಭಿಪ್ರಾಯ

ಕಾಫಿ ಒಣಗಿಸುವ ಕಣದ ಸಿಮೆಂಟಿನ ಮೇಲೆ ಬಹಳಷ್ಟು ಪ್ಲಾಸ್ಟಿಕ್ ಕುರ್ಚಿಗಳು ಒಮ್ಮೆಗೇ ಹಿಂದಕ್ಕೆ ಸರಿದರೆ ಒಂದು ಸದ್ದು ಹುಟ್ಟುತ್ತದೆ. ಗಂಟಲು ಕಟ್ಟಿದವರು ಗುಂಪಾಗಿ ಕೆಮ್ಮಿದ ಹಾಗೆ. ಅಮ್ಮತ್ತಿಯ ಹತ್ತಿರದ ಒಂದು ಎಸ್ಟೇಟಿನಲ್ಲಿ, ಫೆಬ್ರವರಿಯ ಒಂದು ಸಂಜೆ, ಸ್ಯಾಕ್ಸೊಫೋನ್ ಇನ್ನೂ ನುಡಿಯುತ್ತಿರುವಾಗಲೇ ನಾನು ಆ ಸದ್ದು ಕೇಳಿದೆ. ಈಗಲೂ ಮದುವೆ ಹಾಲ್‌ನಲ್ಲಿ ಯಾರಾದರೂ ಕುರ್ಚಿ ಎಳೆದರೆ ತಿರುಗಿ ನೋಡುತ್ತೇನೆ.

ಕೋವಿಡ್ ಹಿಂದೆ ಸರಿದು ಜನ ಮತ್ತೆ ಒಂದು ಕಡೆ ಸೇರತೊಡಗಿದ ವರ್ಷ ಅದು. ಸರಕಾರಿ ರೇಡಿಯೋದಲ್ಲಿ ಊರೂರು ಸುತ್ತಿ ರಿಟೈರ್ ಆಗಿ ಬಂದ ನನ್ನನ್ನು ನಮ್ಮೂರಿನ ಸಣ್ಣ ಕಮ್ಯೂನಿಟಿ ರೇಡಿಯೋದವರು ಸುಮ್ಮನೆ ಕೂರಲು ಬಿಟ್ಟಿರಲಿಲ್ಲ. ನನ್ನ ಹಳೆಯ ಕೆಲಸವನ್ನೇ ಮತ್ತೆ ಕೊಟ್ಟಿದ್ದರು. ಅದಕ್ಕೆ ಆಡಿಯನ್ಸ್ ರಿಸರ್ಚ್ ಎಂದು ದೊಡ್ಡ ಹೆಸರು. ಸರಳವಾಗಿ ಹೇಳುವುದಾದರೆ, ಮನೆಮನೆಗೆ ಹೋಗಿ, 'ನಮ್ಮ ಕಾರ್ಯಕ್ರಮ ಕೇಳ್ತೀರಾ, ಹೇಗನ್ನಿಸ್ತದೆ' ಎಂದು ವಿಚಾರಿಸುವುದು; ಜನ ಮುಲಾಜಿಗೆ ಹೇಳಿದ್ದು ಯಾವುದು, ಮನಸ್ಸಿನಿಂದ ಹೇಳಿದ್ದು ಯಾವುದು ಎಂದು ಬೇರೆ ಮಾಡುವುದು. ಮೊದಲನೆಯದು ಯಾರಿಗಾದರೂ ಬರುತ್ತದೆ. ಎರಡನೆಯದಕ್ಕೆ ತುಂಬಾ ಮನೆಗಳ ಕಾಫಿ ಕುಡಿದಿರಬೇಕು.

ದೇಚಮ್ಮ ಎಂಬುದು ನನ್ನ ಹೆಸರು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಡಾಲಿ ಎಂದು ಕರೆದದ್ದು ಹಾಗೇ ಉಳಿದು, ಈಗ ಊರಿಗೆಲ್ಲ ನಾನು ಡಾಲಿ ಆಂಟಿ.

ನಮ್ಮ ಸ್ಟೇಷನ್ನಿನಲ್ಲಿ ಶನಿವಾರ ಸಂಜೆ ಅರ್ಧ ಗಂಟೆ ಜಾಝ್ ಬರುತ್ತಿತ್ತು. ರೆಕಾರ್ಡ್ ಹಾಕಿ ಅದನ್ನು ನಡೆಸುತ್ತಿದ್ದವನು ಫ್ರೆಡ್ಡಿ. ಮಂಗಳೂರಿನವನು, ನನ್ನದೇ ಪ್ರಾಯ. ಯೌವನದಲ್ಲಿ ಬೆಂಗಳೂರು, ಮುಂಬಯಿಯ ಹೋಟೆಲ್ ಬ್ಯಾಂಡುಗಳಲ್ಲಿ ಸ್ಯಾಕ್ಸೊಫೋನ್ ನುಡಿಸಿದವನು. ಹೋಟೆಲುಗಳು ಬ್ಯಾಂಡ್ ನಿಲ್ಲಿಸಿದ ಮೇಲೆ ಎಲ್ಲೆಲ್ಲೋ ಇದ್ದು, ಕೊನೆಗೆ ಅಮ್ಮತ್ತಿಯಲ್ಲಿ ಚರ್ಚಿನ ಹಿಂದೆ ಒಂದು ಬಾಡಿಗೆ ಮನೆ ಹಿಡಿದಿದ್ದ. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ವಾರವಿಡೀ ಆ ಅರ್ಧ ಗಂಟೆಗೆ ತಯಾರಿ ಮಾಡುತ್ತಿದ್ದ. ಶನಿವಾರ ಇಸ್ತ್ರಿ ಮಾಡಿದ ಶರ್ಟು, ಪಾಲಿಷ್ ಮಾಡಿದ ಶೂ. "ರೇಡಿಯೋದಲ್ಲಿ ನಿನ್ನ ಶೂ ಯಾರಿಗೆ ಕಾಣ್ತದೆ ಮಾರಾಯ?" ಎಂದು ಕೇಳಿದರೆ, "ಹಾಕಿಕೊಂಡವನಿಗೆ ಕಾಣ್ತದಲ್ಲ ಡಾಲಿ, ಸಾಕು" ಎನ್ನುತ್ತಿದ್ದ.

ತಿಂಗಳಿಗೊಮ್ಮೆ ನಾನು ಸಂಗ್ರಹಿಸಿದ ಅಭಿಪ್ರಾಯಗಳನ್ನು ಅವನಿಗೆ ಓದಿ ಹೇಳುವುದು ನಮ್ಮ ರೂಢಿ. ಬಣ್ಣ ಹಚ್ಚದೆ, ಇದ್ದದ್ದನ್ನು ಇದ್ದ ಹಾಗೆ.

ಹಾಡಿಗೆ ಪಾಟು ಎನ್ನುವ ಬಜಾರಿನ ಬೇಕರಿಯ ಹಂಸ ಕಾಕಾ ಹೇಳಿದ್ದು: "ಪಾಟು ಯಾವಾಗ ಸುರುವಾಗ್ತದೆ ಅಂತ ನಾನು ಕಾಯ್ತಾ ಕೂತಿರ್ತೇನೆ ಆಂಟಿ, ಅಷ್ಟರಲ್ಲಿ ಮುಗಿದೇ ಹೋಗ್ತದೆ."

ಎಸ್ಟೇಟಿನ ಕೆಲಸಗಾರರ ಲೈನ್ ಮನೆಯ ಸೆಲ್ವಿ ಹೇಳಿದ್ದು: "ಅದ್ರಲ್ಲಿ ಮಾತೇ ಇಲ್ಲಲ್ಲಮ್ಮ. ಹಂಗಾಗಿ ನಾನು ನನ್ನ ಗಂಡನ್ನ ಬಯ್ಯೋದೆಲ್ಲ ಅದ್ರೊಳಗೆ ಹಾಕಿ ಕೇಳ್ತೀನಿ. ಕರೆಕ್ಟಾಗಿ ಕೂರ್ತದೆ."

ಇದಕ್ಕೆ ಫ್ರೆಡ್ಡಿ ಮೇಜು ಬಡಿದು ನಕ್ಕಿದ್ದ. ಅವನಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಉತ್ತಯ್ಯಣ್ಣನ ಮಾತು. ಉತ್ತಯ್ಯಣ್ಣ ಗದ್ದೆಯಾಚೆಯ ಏರಿನ ಮೇಲಿನ ಮನೆಯ ಹಿರಿಯರು. ಮೊಣಕಾಲು ಹೋಗಿ ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅವರ ಸೊಸೆ ಲೀಲಾ ಪ್ರತಿ ಶನಿವಾರ ರೇಡಿಯೋ ಹಾಕುವುದು, ಅವರು "ಸೌಂಡ್ ಕಡಿಮೆ ಮಾಡು" ಎಂದು ಗದರುವುದು, ಅವಳು ಕಡಿಮೆ ಮಾಡುವುದು, ಇದು ಆ ಮನೆಯ ಪದ್ಧತಿ. ನಾನು ಹೋಗಿ ಕೇಳಿದಾಗ ಅವರು ಮುಖ ಗಂಟಿಕ್ಕಿ ಹೇಳಿದ್ದರು: "ಎಂತ ಸಂಗೀತ ಅದು! ಶುರುವಿಗೆ ನೆಟ್ಟಗೆ ಒಂದು ಟ್ಯೂನ್ ನುಡಿಸ್ತಾನೆ. ಮತ್ತೆ ದಾರಿ ಬಿಟ್ಟು ಯಾರ್‍ಯಾರದೋ ತೋಟಕ್ಕೆಲ್ಲ ನುಗ್ತಾನೆ. ತಿರುಗ್ತಾನೆ, ತಿರುಗ್ತಾನೆ. ಇವ ಇನ್ನು ಬರೂದಿಲ್ಲ ಅಂತ ನಾವು ಕೈ ಬಿಟ್ಟಾಗ ಮನೆಗೆ ಬರ್ತಾನೆ. ಬರ್ತಾನೆ, ಅದೊಂದು ಹೇಳಬೇಕು."

ಜಾಝ್ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ಜಾಝ್ ನುಡಿಸುವವರು ಮೊದಲು ಎಲ್ಲರಿಗೂ ಗೊತ್ತಾಗುವ ಹಾಗೆ ಟ್ಯೂನ್ ನುಡಿಸುತ್ತಾರೆ. ಅದಕ್ಕೆ ಅವರು ಹೆಡ್ ಎನ್ನುತ್ತಾರೆ. ಆಮೇಲೆ ಒಬ್ಬೊಬ್ಬರೇ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುತ್ತಾರೆ, ಅದು ಸೋಲೊ. ಕೊನೆಗೆ ಮತ್ತೆ ಹೆಡ್. ಉತ್ತಯ್ಯಣ್ಣ ಹೇಳಿದ್ದೂ ಅದನ್ನೇ. "ಮನೆಗೆ ಬರ್ತಾನೆ" ಎಂಬ ಮಾತನ್ನು ಫ್ರೆಡ್ಡಿ ಆಮೇಲೆ ಕಾರ್ಯಕ್ರಮದಲ್ಲೇ ಬಳಸತೊಡಗಿದ. "ಈಗ ತಿರುಗಲಿಕ್ಕೆ ಹೊರಟೆವು... ಇಕೊಳ್ಳಿ, ಮನೆಗೆ ಬಂದೆವು" ಎನ್ನುತ್ತಿದ್ದ. ಬಜಾರಿನಲ್ಲಿ ಅದು ತಮಾಷೆಯ ಮಾತಾಗಿ ಓಡಾಡತೊಡಗಿತು.

ಆದರೆ ತಮಾಷೆಯಿಂದ ಕಾರ್ಯಕ್ರಮ ಉಳಿಯುವುದಿಲ್ಲ. ನಮಗೆ ನೆರವು ಕೊಡುತ್ತಿದ್ದ ಮೈಸೂರಿನ ಟ್ರಸ್ಟಿನವರು, ಜಾಝ್ ಯಾರಿಗೆ ಬೇಕು, ಆ ಹೊತ್ತಿಗೆ ಫಿಲ್ಮ್ ಹಾಡು ಹಾಕಿ ಎಂದು ಹೇಳತೊಡಗಿದ್ದರು. ಸ್ಟೇಷನ್ ನೋಡಿಕೊಳ್ಳುತ್ತಿದ್ದವಳು ಶ್ರುತಿ, ಶಿರಂಗಾಲದ ಕೃಷಿ ಮನೆತನದ ಹುಡುಗಿ. ಅವಳೇ ಟ್ರಸ್ಟಿನವರ ಹತ್ತಿರ ವಾದ ಮಾಡಿ ಒಂದು ಅವಕಾಶ ಕೇಳಿದಳು. ಕಾಫಿ ಹಣ್ಣಿನ ಪಿಕಿಂಗ್ ಮುಗಿದ ಮೇಲೆ ಎಸ್ಟೇಟಿನ ಕಣದಲ್ಲಿ ಸಣ್ಣ ಸಂಗೀತ ಉತ್ಸವ ಮಾಡುವುದು, ಫ್ರೆಡ್ಡಿ ಬೆಂಗಳೂರಿನ ಬ್ಯಾಂಡ್ ಹುಡುಗರ ಜೊತೆ ನುಡಿಸುವುದು, ರೇಡಿಯೋದಲ್ಲಿ ಅದನ್ನು ಲೈವ್ ಬಿಡುವುದು. ಜನ ಬಂದು ಕೂತು ಕೇಳಿದರೆ ಕಾರ್ಯಕ್ರಮ ಇರಲಿ, ಇಲ್ಲವಾದರೆ ನಿಲ್ಲಿಸೋಣ ಎಂದು ಟ್ರಸ್ಟ್ ಒಪ್ಪಿತು. ಕೇಳುಗರ ಅಭಿಪ್ರಾಯದ ವರದಿ ನಾನು ಬರೆಯಬೇಕಿತ್ತು.

ಫ್ರೆಡ್ಡಿ ಸಭೆಯ ಮುಂದೆ ನುಡಿಸಿ ಬಹಳ ವರ್ಷಗಳಾಗಿದ್ದವು. ಹಿಂದಿನ ದಿನ ನನ್ನ ಮನೆಗೆ ಬಂದು ಕಾಫಿ ಕೈಯಲ್ಲಿ ಹಿಡಿದು ಕುಡಿಯದೆ ಕೂತಿದ್ದ.

"ಎಂತ, ಭಯವಾ?" ಎಂದೆ.

"ಹೋಟೆಲಲ್ಲಿ ಜನ ಊಟ ಮಾಡ್ತಾ ಕೇಳ್ತಿದ್ರು ಡಾಲಿ. ಕೇಳಿದ್ರಾ ಇಲ್ವಾ, ಪ್ಲೇಟಿಗೇ ಗೊತ್ತು. ಇವ್ರು ನಾಳೆ ಕೇಳ್ಲಿಕ್ಕೇಂತಲೇ ಬರೂದು. ದಿನಾ ಬೆಳಿಗ್ಗೆ ಮುಖ ನೋಡುವ ಜನ ಬೇರೆ."

ಮರುದಿನ ನಾಲ್ಕು ಗಂಟೆಗೇ ಕಣ ತುಂಬಿತು. ಕಾಫಿ ಎಲ್ಲ ಒಣಗಿ ಮೂಟೆ ಸೇರಿದ್ದರಿಂದ ಕಣ ಗುಡಿಸಿ ಚೊಕ್ಕವಾಗಿತ್ತು. ಮದುವೆ ಹಾಲಿನಿಂದ ತಂದ ಕುರ್ಚಿಗಳು. ಹೆಂಗಸರು ಒಂದು ಮೂಲೆಯಲ್ಲಿ ಕಟ್ಲೆಟ್, ಹಂದಿಮಾಂಸದ ಪಂದಿ ಫ್ರೈ ಇಟ್ಟಿದ್ದರು. ಮುಂದಿನ ಸಾಲುಗಳಲ್ಲಿ ಹೋಮ್‌ಸ್ಟೇಯಲ್ಲಿ ಇಳಿದಿದ್ದ ಬೆಂಗಳೂರು, ಮೈಸೂರಿನವರು, ಟ್ರಸ್ಟಿನಿಂದ ಬಂದ ಒಬ್ಬ ಅಧಿಕಾರಿ. ಹಿಂದೆಲ್ಲ ನಮ್ಮೂರಿನವರು. ಫ್ರೆಡ್ಡಿ ಮೊದಲ ಎರಡು ಹಾಡಿಗೆ ಸ್ವಲ್ಪ ತಡವರಿಸಿದ. ಮೂರನೆಯದು ನಿಧಾನದ್ದು, ಅವನ ಹೆಂಡತಿಗೆ ಇಷ್ಟವಾಗಿದ್ದ ಟ್ಯೂನ್. ಅದನ್ನು ನುಡಿಸಿ, ಕಣ್ಣು ಮುಚ್ಚಿ, ಸೋಲೊ ಶುರು ಮಾಡಿದ. ಆಗ ಕಣದಲ್ಲಿ ಮಾತು ನಿಂತಿತು. ಕಟ್ಲೆಟ್ ಕರಿಯುವವರು ಬಾಣಲೆ ಇಳಿಸಿದರು. ನನ್ನ ಪಕ್ಕದಲ್ಲಿ ಆ ತೋಟದ ಯಜಮಾನರಾದ ಸೋಮಣ್ಣ ಕೈ ಕಟ್ಟಿ, ತಲೆ ಬಗ್ಗಿಸಿ ಕೇಳುತ್ತಿದ್ದರು.

ಗದ್ದೆಯಾಚೆಯಿಂದ ಎರಡು ಗುಂಡು ಕೇಳಿಸಿತು. ಒಂದರ ಹಿಂದೆಯೇ ಇನ್ನೊಂದು.

ನಮ್ಮಲ್ಲಿ ಮನೆಯೊಂದರಲ್ಲಿ ಸಾವಾದರೆ ಕೋವಿ ತೆಗೆದು ಆಕಾಶಕ್ಕೆ ಹೀಗೆ ಜೋಡಿ ಗುಂಡು ಹಾರಿಸುತ್ತಾರೆ. ಕೇಳಿದವರು ಮಾಡುತ್ತಿದ್ದ ಕೆಲಸ ಅಲ್ಲಿಗೇ ಬಿಟ್ಟು ಆ ಮನೆಗೆ ಹೋಗಬೇಕು. ಫೋನ್, ವಾಟ್ಸ್ಯಾಪ್ ಎಲ್ಲ ಬಂದರೂ ಅದು ತಪ್ಪಿಲ್ಲ. ಗದ್ದೆಯಾಚೆ ಏರಿನ ಮೇಲೆ ಇರುವುದು ಒಂದೇ ಮನೆ. ಸೋಮಣ್ಣ ತಲೆ ಎತ್ತಿ ನನ್ನನ್ನು ನೋಡಿದರು. "ಉತ್ತಯ್ಯಣ್ಣ," ಎಂದರು, ಅಷ್ಟೇ.

ನಮ್ಮವರು ಎದ್ದರು. ಗಲಾಟೆ ಮಾಡಬಾರದೆಂದು ಎಚ್ಚರದಿಂದಲೇ ಎದ್ದರು. ಕೆಲವರು ಕುರ್ಚಿಯನ್ನು ಎಳೆಯದೆ ಎತ್ತಿ ಹಿಂದಿಟ್ಟರು, ಹೆಂಗಸರು ಚಪ್ಪಲಿ ಕೈಯಲ್ಲಿ ಹಿಡಿದರು. ಆದರೂ ಅಷ್ಟು ಕುರ್ಚಿಗಳು ಸರಿದರೆ ಸದ್ದಾಗದೆ ಇರುತ್ತದೆಯೇ? ಹೊರಡುವ ಮುಂಚೆ ಸೋಮಣ್ಣ ಸ್ಟೇಜಿನ ಕಡೆ ತಿರುಗಿ ಕೈ ಮುಗಿದರು. ಕಣ್ಣು ಮುಚ್ಚಿದ್ದ ಫ್ರೆಡ್ಡಿಗೆ ಅದು ಕಾಣಲಿಲ್ಲ. ಅವನ ಕಾಲ ಬುಡದಲ್ಲಿ ದೊಡ್ಡ ಸ್ಪೀಕರ್ ಇತ್ತು, ಕಿವಿಯೂ ಮೊದಲಿನ ಹಾಗಿರಲಿಲ್ಲ, ಗುಂಡೂ ಕೇಳಿಸಲಿಲ್ಲ.

ನಾನು ಸ್ಟೇಜಿನ ಕಡೆ ಹೊರಟೆ. ನನ್ನ ಕಾಲೂ ಈಗ ಓಡುವ ಕಾಲಲ್ಲ. ಅರ್ಧ ದಾರಿಯಲ್ಲಿರುವಾಗ ಫ್ರೆಡ್ಡಿ ಕಣ್ಣು ತೆರೆದ. ಮುಂದಿನ ಸಾಲುಗಳಲ್ಲಿ ಪೇಟೆಯವರು ಇದ್ದರು, ಅದರ ಹಿಂದೆ ಇಡೀ ಕಣ ಖಾಲಿ. ಇನ್ನೆರಡು ಸ್ವರ ನುಡಿಸಿದ. ಬಾಯಿಂದ ಸ್ಯಾಕ್ಸೊಫೋನ್ ತೆಗೆದ. ಹುಡುಗರು ಅವನನ್ನೇ ನೋಡುತ್ತಾ ನಿಲ್ಲಿಸಿದರು. ಅವನು ಬಗ್ಗಿ ನಮಸ್ಕಾರ ಮಾಡಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಶೆಡ್ಡಿನ ಹಿಂದಿನಿಂದ ಇಳಿದು, ಅಲ್ಲಿದ್ದ ಆಟೋ ಹತ್ತಿ ಹೋಗಿಯೇಬಿಟ್ಟ.

ಶ್ರುತಿ ಓಡಿ ಬಂದಳು. ಕಣ್ಣಲ್ಲಿ ನೀರು. "ಏನಾಂಟಿ ಇದು, ನಮ್ಮೋರೇ ಎದ್ದೋದ್ರಲ್ಲ! ಆನೆ ಓಡ್ಸೋಕೆ ಪಟಾಕಿ ಹೊಡುದ್ರೆ ಹಿಂಗಾ ಎದ್ದೋಗೋದು? ಟ್ರಸ್ಟ್ ಸಾರ್ ಮುಖ ನೋಡಿದ್ರಾ?"

ಅದು ಅವಳ ತಪ್ಪಲ್ಲ. ಶಿರಂಗಾಲದ ಕಡೆ ಈ ಪದ್ಧತಿ ಇಲ್ಲ. ನಾನು ವಿಷಯ ಹೇಳಿದೆ. ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ. ಮತ್ತೆ ಫ್ರೆಡ್ಡಿ ಅಂಕಲ್‌ಗೆ?"

ಫ್ರೆಡ್ಡಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ನಾನೂ ಬಿಳಿ ಸೀರೆ ಉಟ್ಟು ಸಾವಿನ ಮನೆಗೆ ಹೋಗಬೇಕಿತ್ತು, ಹೋದೆ.

ಇಡೀ ಜೀವಮಾನ ಅಭಿಪ್ರಾಯ ಕೇಳಿದವಳು ನಾನು. ಎಲ್ಲಿ ಕೇಳಬಾರದು ಎಂಬುದೂ ಗೊತ್ತಿತ್ತು. ಅಂಗಳದಲ್ಲಿ ಹೆಂಗಸರ ಜೊತೆ ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಸೋಮಣ್ಣ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು. "ಡಾಲಿ, ಮತ್ತೆ ಎಂತ ಆಯ್ತು? ಫ್ರೆಡ್ಡಿ ಮನೆಗೆ ಬಂದನಾ?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಚರ್ಚಿನ ಹಿಂದಿನ ಮನೆಯ ವಿಷಯ ಅವರು ಕೇಳುತ್ತಿರಲಿಲ್ಲ. ಟ್ಯೂನಿನ ವಿಷಯ ಕೇಳುತ್ತಿದ್ದರು. ಅವರೆಲ್ಲ ಎದ್ದು ಬಂದಾಗ ಫ್ರೆಡ್ಡಿ ಇನ್ನೂ ತಿರುಗುತ್ತಿದ್ದನಲ್ಲ!

"ಇಲ್ಲ ಸೋಮಣ್ಣ. ಅರ್ಧದಲ್ಲೇ ನಿಲ್ಲಿಸಿದ."

"ಛೆ," ಎಂದರು. ಪಕ್ಕದಲ್ಲಿದ್ದವರೂ "ಛೆ" ಎಂದರು. ಒಬ್ಬಾಕೆ, "ಅಷ್ಟು ಚೆಂದಕ್ಕೆ ಹೋಗ್ತಿತ್ತು. ನಾನು ಗೇಟಿನ ತನಕ ಕಿವಿ ಇಟ್ಟೇ ಬಂದೆ" ಎಂದಳು.

ಮರುದಿನ ಬೆಳಿಗ್ಗೆ ಫ್ರೆಡ್ಡಿ ಮನೆಗೆ ಹೋದೆ. ಬಾಗಿಲು ತೆರೆದವನ ಗಡ್ಡ ಹೆರೆದಿರಲಿಲ್ಲ. ಸ್ಯಾಕ್ಸೊಫೋನಿನ ಪೆಟ್ಟಿಗೆ ಅಟ್ಟ ಸೇರಿತ್ತು. ಎರಡು ಗುಂಡಿನ ಕಥೆ ಪೂರ್ತಿ ಹೇಳಿದೆ. ತಾಳ್ಮೆಯಿಂದ ಕೇಳಿದ.

"ಡಾಲಿ, ಯು ಆರ್ ವೆರಿ ಕೈಂಡ್," ಎಂದ. "ಹೋಟೆಲ್ ಮ್ಯಾನೇಜರುಗಳು ಸಹ ಹೀಗೇ ಹೇಳ್ತಿದ್ರು. ಇವತ್ತು ಮಳೆ, ಇವತ್ತು ಕ್ರಿಕೆಟ್ ಮ್ಯಾಚ್, ಅದಕ್ಕೆ ಜನ ಇಲ್ಲ ಅಂತ. ಮತ್ತೆ ಒಂದು ದಿನ ಕರೆದು ಲೆಕ್ಕ ಮುಗಿಸಿದ್ರು. ಪೇಟೆಯವರು ಕೂತಿದ್ರು, ಅವರು ನಾಳೆ ಹೋಗ್ತಾರೆ. ಎದ್ದು ಹೋದವರ ಜೊತೆ ನಾನು ಇಲ್ಲಿ ಇರ್ಬೇಕು. ಶನಿವಾರ ನಾನು ಬರೂದಿಲ್ಲ. ಶ್ರುತಿಗೆ ಹೇಳು, ಫಿಲ್ಮ್ ಹಾಡು ಹಾಕ್ಲಿ."

ಜನರ ಮಾತನ್ನು ನಾನು ಎಷ್ಟು ಓದಿ ಹೇಳಿದರೂ ಅವನು ಅವತ್ತು ನಂಬುವವನಲ್ಲ. ಅದು ನನ್ನ ದಯೆ ಎಂದೇ ತಿಳಿಯುತ್ತಾನೆ. ಹಾಗಾಗಿ ಸಂಗೀತದ ಮಾತು ಬಿಟ್ಟೆ.

"ಬಿಳಿ ಶರ್ಟು ಉಂಟಾ ನಿನ್ನ ಹತ್ತಿರ?"

"ಯಾಕೆ?"

"ಉತ್ತಯ್ಯಣ್ಣನನ್ನು ಇನ್ನು ಸ್ವಲ್ಪ ಹೊತ್ತಿಗೆ ಸಂಸ್ಕಾರಕ್ಕೆ ತೆಗೆಯುತ್ತಾರೆ. ನಿನ್ನ ಕಾರ್ಯಕ್ರಮದ ಕೇಳುಗ ಅವರು. ಬಂದು ಕೈ ಮುಗಿದು ಹೋಗು."

"ಅವರಿಗೆ ನನ್ನ ಸಂಗೀತ ಕಂಡ್ರೆ ಆಗ್ತಿರಲಿಲ್ಲ."

"ಆಗದಿದ್ದವರು ಸತ್ತರೆ ಹೋಗಬಾರದು ಅಂತ ಉಂಟಾ?"

ಅವನು ಒಳಗೆ ಹೋದ. ಗಡ್ಡ ಹೆರೆದು ಬಂದ.

ನಾವು ಹೋದಾಗ ಅಂಗಳದಲ್ಲಿ ಹಿಂದಿನ ದಿನ ಕಣದಲ್ಲಿದ್ದವರೆಲ್ಲ ಇದ್ದರು, ಬಿಳಿ ಬಟ್ಟೆಯಲ್ಲಿ. ಫ್ರೆಡ್ಡಿ ಗೇಟಿನಲ್ಲೇ ನಿಂತುಬಿಟ್ಟ. ಒಬ್ಬೊಬ್ಬರ ಮುಖವನ್ನೂ ನೋಡಿದ. ಸೋಮಣ್ಣ, ಕಟ್ಲೆಟ್ ಕರಿಯುತ್ತಿದ್ದ ಹೆಂಗಸರು, ಸೌದೆ ಹೊರುತ್ತಿದ್ದ ಗಂಡಸರು, ಹಿತ್ತಲ ಕಡೆ ದೊಡ್ಡ ಪಾತ್ರೆಯಲ್ಲಿ ಕಾಫಿ ಕಾಯಿಸುತ್ತಿದ್ದ ಸೆಲ್ವಿ. ಖಾಲಿಯಾದ ಕುರ್ಚಿಗಳಲ್ಲಿದ್ದವರು ಎಲ್ಲಿಗೆ ಹೋಗಿದ್ದರೆಂದು ಅವನು ಆಗ ಕಣ್ಣಾರೆ ಕಂಡ.

ಒಳಗೆ ಹೋಗಿ ಕೈ ಮುಗಿದ. ಲೀಲಾ ಅತ್ತು ಅತ್ತು ದನಿ ಹೋದವಳು, ಅವನನ್ನು ಕಂಡು ಎದ್ದು ಬಂದಳು. "ನಿನ್ನೆ ಲೈವ್ ಹಾಕಿದ್ದೆ ಅಂಕಲ್. ಮಾವ ಸೌಂಡ್ ಕಡಿಮೆ ಮಾಡು ಅಂದ್ರು. ಕಡಿಮೆ ಮಾಡಿ ಕಾಫಿ ತರ್ಲಿಕ್ಕೆ ಒಳಗೆ ಹೋದೆ. ಬಂದು ನೋಡುವಾಗ..." ಎಂದು ನಿಲ್ಲಿಸಿದಳು. ಆಮೇಲೆ ಹೇಳಿದಳು: "ಇಷ್ಟು ವರ್ಷದಲ್ಲಿ ಒಂದು ದಿನ ಆಫ್ ಮಾಡು ಅಂದವರಲ್ಲ."

ಫ್ರೆಡ್ಡಿ ಅವಳ ಎರಡೂ ಕೈ ಹಿಡಿದುಕೊಂಡು ನಿಂತ.

ಹೊರಗೆ ಸೋಮಣ್ಣ ಕಾದಿದ್ದರು. "ಬೇಜಾರು ಮಾಡ್ಬೇಡಿ ಫ್ರೆಡ್ಡಿ. ಅರ್ಧದಲ್ಲಿ ಎದ್ದು ಬಂದೆವು. ಹೇಳಿ ಬರುವ ಅಂದ್ರೆ ನೀವು ಕಣ್ಣು ಮುಚ್ಚಿದ್ರಿ, ನಡುವೆ ಬಾಯಿ ಹಾಕುದು ಸರಿಯಲ್ಲ ಅಂತ ಸುಮ್ಮನಾದೆ. ಮನೆಗೆ ಬರಲಿಲ್ವಂತೆ?"

"ಇಲ್ಲ," ಎಂದ ಫ್ರೆಡ್ಡಿ. "ದಾರಿಯಲ್ಲೇ ನಿಂತಿದ್ದೇನೆ."

"ಎಷ್ಟು ದಿನ ನಿಲ್ತೀರಿ ಮಾರಾಯ್ರೆ? ಶನಿವಾರ ಬಂದುಬಿಡಿ."

ಹಂಸ ಕಾಕಾ ಹಿಂದಿನಿಂದ ಗೊಣಗಿದರು. "ನನಗೆ ಅದು ಸುರುವಾದದ್ದೇ ಗೊತ್ತಾಗ್ಲಿಲ್ಲ, ಇವರಿಗೆ ಮುಗಿಯುದು ಬೇಕಂತೆ." ಸಾವಿನ ಮನೆ ಎಂದು ಯಾರೂ ಜೋರಾಗಿ ನಗಲಿಲ್ಲ. ಆದರೆ ಫ್ರೆಡ್ಡಿಯ ತುಟಿ ಅಲುಗಿದ್ದು ನಾನು ನೋಡಿದೆ.

ಆ ಶನಿವಾರ ಅವನು ಸ್ಟುಡಿಯೋಗೆ ರೆಕಾರ್ಡ್ ತರಲಿಲ್ಲ, ಸ್ಯಾಕ್ಸೊಫೋನ್ ತಂದ. ಮೈಕಿನಲ್ಲಿ, "ಎಲ್ಲಿ ನಿಲ್ಲಿಸಿದ್ದೆವೋ ಅಲ್ಲಿಂದ" ಎಂದಷ್ಟೇ ಹೇಳಿ, ಬ್ಯಾಂಡಿಲ್ಲದೆ, ಒಬ್ಬನೇ, ನಡುವಿನಿಂದಲೇ ಶುರು ಮಾಡಿದ. ಬಹಳ ಹೊತ್ತು ತಿರುಗಿದ. ಕೊನೆಯಲ್ಲಿ ಆ ಹಳೆಯ ಟ್ಯೂನ್ ಮೆಲ್ಲಗೆ ತಲೆ ಹಾಕಿದಾಗ ಗಾಜಿನ ಈಚೆ ಶ್ರುತಿ ನನ್ನ ತೋಳು ಗಟ್ಟಿಯಾಗಿ ಹಿಡಿದಳು. "ಬಂದ್ರು ಆಂಟಿ," ಎಂದಳು.

ನನ್ನ ವರದಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದೆ. ಸೋಮಣ್ಣ ಮತ್ತು ಇನ್ನೂ ಕೆಲವರು ತಾವಾಗಿಯೇ ಟ್ರಸ್ಟಿನವರಿಗೆ ಫೋನ್ ಮಾಡಿ ಮಾತಾಡಿದರಂತೆ. ಕಾರ್ಯಕ್ರಮ ಉಳಿಯಿತು. ನನ್ನ ಕೆಲಸದಲ್ಲಿ, ಎದ್ದು ಹೋದವರನ್ನು ಇಷ್ಟಪಡದವರ ಲೆಕ್ಕಕ್ಕೆ ಹಾಕುವುದು ಎಲ್ಲ ಕಡೆ ನಡೆಯುವ ರೂಢಿ. ನಾನೂ ದೊಡ್ಡ ಊರುಗಳಲ್ಲಿ ಅದನ್ನೇ ಕಲಿತು, ಅದನ್ನೇ ಕಲಿಸಿದವಳು. ಖಾಲಿ ಕುರ್ಚಿ ತಾನಾಗಿ ಏನನ್ನೂ ಹೇಳುವುದಿಲ್ಲ, ಅದರಲ್ಲಿದ್ದವರು ಎಲ್ಲಿಗೆ ಹೋದರು ಎಂದು ಹಿಂದೆ ಹೋಗಿ ನೋಡಬೇಕು. ಇದನ್ನು ನನಗೆ ಕಲಿಸಿದ್ದು ನನ್ನದೇ ಊರು, ರಿಟೈರ್ ಆದ ಮೇಲೆ.

ಫ್ರೆಡ್ಡಿ ಈಗ ಇಲ್ಲ. ಕಣ್ಣಿನ ಆಪರೇಷನ್ನಿಗೆಂದು ನಾನು ಮೈಸೂರಿನಲ್ಲಿದ್ದ ವಾರ, ನಿದ್ದೆಯಲ್ಲೇ ಹೋದನಂತೆ. ಚರ್ಚಿನ ಗಂಟೆ ಬಾರಿಸಿದರು. ಅದರ ಜೊತೆಗೆ ಸೋಮಣ್ಣ ತಮ್ಮ ಮನೆಯಂಗಳದಲ್ಲಿ ನಿಂತು ಎರಡು ಗುಂಡು ಹಾರಿಸಿದರು ಎಂದು ಲೀಲಾ ಹೇಳಿದಳು. ನಾನು ಕೇಳಲಿಲ್ಲ.

ನಾನು ಅವನನ್ನು ಕೊನೆಗೆ ನೋಡಿದ್ದು ಅದಕ್ಕೂ ಹಿಂದಿನ ಶನಿವಾರ, ಸ್ಟೇಷನ್ನಿನಲ್ಲಿ. ಕಾರ್ಯಕ್ರಮ ಅರ್ಧಕ್ಕೆ ಬಂದಿತ್ತು, ರೆಕಾರ್ಡಿನಲ್ಲಿ ಯಾರೋ ಪಿಯಾನೋ ನುಡಿಸುತ್ತಿದ್ದರು. ಸೆಕೆಗೆ ಸ್ಟುಡಿಯೋ ಬಾಗಿಲು ತೆರೆದಿಟ್ಟಿದ್ದೆವು. ದೂರದಲ್ಲಿ ಎರಡು ಗುಂಡು ಕೇಳಿತು. ಫ್ರೆಡ್ಡಿಗೂ ಕೇಳಿತೋ, ನನ್ನ ಮುಖ ನೋಡಿ ತಿಳಿದುಕೊಂಡನೋ ಗೊತ್ತಿಲ್ಲ. ಪಿಯಾನೋದ ಸದ್ದನ್ನು ನಿಧಾನವಾಗಿ ಇಳಿಸಿ, ಮೈಕಿನ ಹತ್ತಿರ ಬಗ್ಗಿ ಹೇಳಿದ: "ಎರಡು ಗುಂಡು ಕೇಳಿದೆ. ನಾವು ಹೋಗಬೇಕು. ಉಳಿದದ್ದು ಬರುವ ಶನಿವಾರ." ಶ್ರುತಿಗೆ ಬೇರೇನಾದರೂ ಹಾಕಲು ಸನ್ನೆ ಮಾಡಿ, ಬಾಗಿಲ ಹಿಂದಿನ ಮೊಳೆಯಲ್ಲಿ ಯಾವಾಗಲೂ ತೂಗುತ್ತಿದ್ದ ಬಿಳಿ ಶರ್ಟು ತೆಗೆದು ಹಾಕಿಕೊಂಡ. ರಸ್ತೆಯಲ್ಲಿ ಸೋಮಣ್ಣನ ಜೀಪು ಜನ ತುಂಬಿಕೊಂಡು ನಿಂತಿತ್ತು. ಹಿಂದಿನ ಸೀಟಿನಲ್ಲಿದ್ದವರು ಒತ್ತಿಕೊಂಡು ಕೂತು ಜಾಗ ಮಾಡಿದರು. ಅವನು ಪಾಲಿಷ್ ಮಾಡಿದ ಶೂ ಮೆಟ್ಟಿಲ ಮೇಲಿಟ್ಟು ಹತ್ತಿ, ಅವರ ನಡುವೆ ಕೂತ.